ಜನ ಬರೋದಕ್ಕೆ ಮೊದಲೇ ಕಟ್ಟಿದ ಮಸೀದಿ

ಎಲ್ಲಿ ಬೇಕಾದರೂ ನೋಡಿ, ಮೊದಲು ಜನ ಬಂದು ನೆಲೆಸುತ್ತಾರೆ. ಯಾರದೋ ಮನೆಯ ಹಾಲಿನಲ್ಲಿ ಚಾಪೆ ಹಾಸಿ ನಮಾಜು ಶುರುವಾಗುತ್ತದೆ. ಆಮೇಲೆ ಒಂದು ಬಾಡಿಗೆ ಕೋಣೆ, ಆಮೇಲೆ ಚಂದಾ ಎತ್ತಿ ಒಂದು ಜಾಗ, ಕೊನೆಗೆ ಗುಮ್ಮಟ. ಇಂಗ್ಲೆಂಡಿನ ವೋಕಿಂಗ್‌ನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ 1889ರಲ್ಲಿ ಗುಮ್ಮಟವೇ ಮೊದಲು ಎದ್ದಿತು. ಸುತ್ತಲಿನ ಬೀದಿಗಳಲ್ಲಿ ಮುಸ್ಲಿಂ ಕುಟುಂಬಗಳು ಬಂದು ಸೇರಿದ್ದು ಅದಾದ ಅರವತ್ತು ಎಪ್ಪತ್ತು ವರ್ಷಗಳ ಮೇಲೆ.

ಷಾ ಜಹಾನ್ ಮಸೀದಿ ಅಂತ ಅದರ ಹೆಸರು. ಆಗ್ರಾದ ಷಹಜಹಾನ್ ಅಲ್ಲ, ಭೋಪಾಲದ ಷಾ ಜಹಾನ್ ಬೇಗಂ. ಬ್ರಿಟನ್ನಿನಲ್ಲಿ ಮಸೀದಿಯೆಂದೇ ಪಾಯ ಹಾಕಿ ಕಟ್ಟಿದ ಮೊದಲ ಕಟ್ಟಡ ಇದು. ಇಲ್ಲಿ ಲಿವರ್‌ಪೂಲ್‌ನವರು ತಕರಾರು ತೆಗೆಯುತ್ತಾರೆ. ಯಾಕೆಂದರೆ ಅಬ್ದುಲ್ಲಾ ಕ್ವಿಲಿಯಂ ಅನ್ನೋ ವಕೀಲರು ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಲ್ಲಿ ಒಂದು ಮನೆಯಲ್ಲಿ ಮಸೀದಿ ನಡೆಸುತ್ತಿದ್ದರು. ಇಬ್ಬರ ಮಾತೂ ಸರಿಯೇ. ಅದು ಮಸೀದಿಯಾದ ಮನೆ, ಇದು ಮಸೀದಿಯಾಗಿಯೇ ಹುಟ್ಟಿದ್ದು. ನನಗೆ ಈ 'ಯಾರು ಮೊದಲು' ಅನ್ನೋ ಜಗಳದಲ್ಲಿ ಅಷ್ಟೇನೂ ಆಸಕ್ತಿ ಇಲ್ಲ. ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಿಂದ ಅರ್ಧ ಗಂಟೆ ದೂರದ, ಬೆಳಗ್ಗೆ ಆಫೀಸಿಗೆ ಹೋಗಿ ಸಂಜೆ ವಾಪಸ್ ಬರುವವರ ಒಂದು ಮಾಮೂಲಿ ಉಪನಗರಕ್ಕೆ ಇಂಥದ್ದೊಂದು ಹೇಗೆ ಬಂತು, ಬಂದಮೇಲೆ ಹೇಗೆ ಉಳಿಯಿತು, ಅದು ನನ್ನ ಕುತೂಹಲ.

ವೋಕಿಂಗ್‌ ಬೆಳೆದ ಕಥೆಯೇ ಸ್ವಲ್ಪ ವಿಚಿತ್ರ. 1838ರಲ್ಲಿ ಅಲ್ಲಿ ರೈಲು ನಿಲ್ದಾಣ ಬಂದಾಗ ಸುತ್ತಮುತ್ತ ಬರೀ ಬಯಲು. ಆಮೇಲೆ ಲಂಡನ್ನಿನ ಸ್ಮಶಾನಗಳೆಲ್ಲ ತುಂಬಿ ತುಳುಕಿದವು. ಹೆಣ ಹೂಳಲು ಜಾಗವಿಲ್ಲದ ಪರಿಸ್ಥಿತಿ. ಆಗ ಲಂಡನ್ ನೆಕ್ರೋಪೊಲಿಸ್ ಅನ್ನೋ ಕಂಪನಿ ಹುಟ್ಟಿಕೊಂಡು, ವೋಕಿಂಗ್ ಸುತ್ತಲಿನ ಸಾವಿರಾರು ಎಕರೆ ಕೊಂಡು, 1854ರಲ್ಲಿ ಬ್ರೂಕ್‌ವುಡ್‌ನಲ್ಲಿ ದೊಡ್ಡ ಸ್ಮಶಾನ ತೆರೆಯಿತು. ಅದಕ್ಕೆ ವಾಟರ್‌ಲೂನಿಂದ ಸ್ವಂತ ರೈಲು ಬೇರೆ! ಆ ಹೆಣದ ರೈಲಿನಲ್ಲೂ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್, ಥರ್ಡ್ ಕ್ಲಾಸ್ ಇತ್ತು. ಜಾತಿ ಪಂಗಡ ಎಲ್ಲ ನಮ್ಮಲ್ಲಿ ಮಾತ್ರ ಅಂದುಕೊಂಡವರು ಇದನ್ನು ಓದಬೇಕು. ಸ್ಮಶಾನಕ್ಕೆ ಬೇಡವಾಗಿ ಉಳಿದ ಜಮೀನನ್ನು ಕಂಪನಿ ತುಂಡು ತುಂಡಾಗಿ ಮಾರುತ್ತಾ ಹೋಯಿತು. ಹಾಗೆ ಮಾರಿದ ಜಾಗದಲ್ಲೇ ಇವತ್ತಿನ ವೋಕಿಂಗ್ ಪೇಟೆ ಬೆಳೆದದ್ದು. ಅಲ್ಲೇ ರೈಲು ಹಳಿಯ ಪಕ್ಕ, ವಯಸ್ಸಾದ ನಾಟಕದವರಿಗೆ ಆಸರೆಯಾಗಲಿ ಅಂತ ಒಂದು ಭಾರಿ ಕಟ್ಟಡ ಕಟ್ಟಿದ್ದರು, ರಾಯಲ್ ಡ್ರಾಮಾಟಿಕ್ ಕಾಲೇಜು ಅಂತ. ದುಡ್ಡಿಲ್ಲದೆ ಅದು 1870ರ ದಶಕದಲ್ಲೇ ಮುಚ್ಚಿತು.

ಆ ಖಾಲಿ ಕಟ್ಟಡ ಕೊಂಡವರು ಗಾಟ್‌ಲೀಬ್ ವಿಲ್ಹೆಲ್ಮ್ ಲೈಟ್ನರ್. ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ವ್ಯಕ್ತಿ ಇವರೇ. ಹಂಗೇರಿಯ ಯಹೂದಿ ಕುಟುಂಬದಲ್ಲಿ 1840ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಇಸ್ತಾಂಬುಲಿಗೆ ಹೋಗಿ ಟರ್ಕಿ, ಅರಬ್ಬಿ ಕಲಿತರು. ಹದಿನೈದರ ವಯಸ್ಸಿಗೆ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷರಿಗೆ ದುಭಾಷಿ. ಇಪ್ಪತ್ತು ದಾಟುತ್ತಿದ್ದಂತೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರೊಫೆಸರ್. 1864ರಲ್ಲಿ ಲಾಹೋರಿಗೆ ಬಂದು ಸರ್ಕಾರಿ ಕಾಲೇಜಿನ ಪ್ರಿನ್ಸಿಪಾಲರಾದರು. ಪಂಜಾಬ್ ವಿಶ್ವವಿದ್ಯಾಲಯ ಶುರುವಾಗಿದ್ದರಲ್ಲಿ ಇವರ ಪಾತ್ರ ದೊಡ್ಡದು. ಇಂಗ್ಲೆಂಡಿಗೆ ಮರಳಿದ ಮೇಲೆ 1880ರ ದಶಕದಲ್ಲಿ ಈ ನಾಟಕದವರ ಕಟ್ಟಡದಲ್ಲಿ ಓರಿಯೆಂಟಲ್ ಇನ್ಸ್‌ಟಿಟ್ಯೂಟ್ ತೆರೆದರು. ಭಾರತಕ್ಕೆ ಕೆಲಸಕ್ಕೆ ಹೋಗುವ ಇಂಗ್ಲಿಷರು ಇಲ್ಲಿನ ಭಾಷೆ, ರೀತಿ ರಿವಾಜು ಕಲಿಯಬೇಕು. ಭಾರತದಿಂದ ಓದಲು ಬರುವ ಹುಡುಗರು ತಮ್ಮ ಧರ್ಮ, ಆಚಾರ ಬಿಡದೆ ಅಲ್ಲಿ ಇರುವಂತಾಗಬೇಕು. ಇದು ಅವರ ಲೆಕ್ಕಾಚಾರ. ಹಾಗಾದರೆ ಪೂಜೆ, ಪ್ರಾರ್ಥನೆಗೂ ಜಾಗ ಬೇಕಲ್ಲ. ಮಸೀದಿ, ಮಂದಿರ, ಚರ್ಚು, ಯಹೂದಿಗಳ ಸಿನಗಾಗ್ ನಾಲ್ಕೂ ಒಂದೇ ಕಾಂಪೌಂಡಿನಲ್ಲಿ ಬರಬೇಕೆಂಬುದು ಅವರ ಯೋಜನೆಯಾಗಿತ್ತು ಅಂತ ಹೇಳುತ್ತಾರೆ. ಕೊನೆಗೆ ಪೂರ್ತಿಯಾಗಿದ್ದು ಮಸೀದಿ ಒಂದೇ. ಕಾರಣ ತೀರಾ ಸರಳ. ದುಡ್ಡು ಕೊಡುವ ಕೈ ಸಿಕ್ಕಿದ್ದು ಮಸೀದಿಗೆ.

ದುಡ್ಡಿನ ದೊಡ್ಡ ಪಾಲು ಭೋಪಾಲದಿಂದ ಬಂತು. ಷಾ ಜಹಾನ್ ಬೇಗಂ 1901ರಲ್ಲಿ ತೀರಿಕೊಳ್ಳುವ ತನಕ ಅಲ್ಲಿ ಆಳಿದವರು, ಕಟ್ಟಿಸೋದರಲ್ಲಿ ಹಿಂದೆ ಮುಂದೆ ನೋಡಿದವರಲ್ಲ. ಭೋಪಾಲದ ತಾಜ್‌-ಉಲ್‌-ಮಸಾಜಿದ್ ಕೂಡ ಅವರೇ ಶುರು ಮಾಡಿಸಿದ್ದು. ದೇಶದ ಅತಿ ದೊಡ್ಡ ಮಸೀದಿಗಳಲ್ಲಿ ಒಂದು. ತಮಾಷೆ ಏನೆಂದರೆ ತಮ್ಮ ಊರಿನ ಆ ದೊಡ್ಡದನ್ನು ಮುಗಿಸುವಷ್ಟರಲ್ಲಿ ಬೇಗಂ ಹೋದರು, ಹಣವೂ ಸಾಲಲಿಲ್ಲ, ಅದು ಪೂರ್ತಿಯಾಗಿದ್ದು 1985ರಲ್ಲಿ. ಕಣ್ಣಲ್ಲೂ ನೋಡದ ವೋಕಿಂಗ್‌ನ ಪುಟ್ಟ ಮಸೀದಿ ಮಾತ್ರ ಅವರ ಕಾಲದಲ್ಲೇ ಎದ್ದು ನಿಂತಿತು.

ಪಕ್ಕದಲ್ಲೇ ಇನ್ನೊಂದು ಮನೆ ಇದೆ, ಸರ್ ಸಾಲಾರ್ ಜಂಗ್ ಮೆಮೋರಿಯಲ್ ಹೌಸ್. ಹೈದರಾಬಾದಿನ ದಿವಾನರಾಗಿದ್ದ ಸಾಲಾರ್ ಜಂಗ್ ನೆನಪಿಗೆ ಅದೇ ಹೊತ್ತಿನಲ್ಲಿ ಕಟ್ಟಿದ್ದು. ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಈ ಹೆಸರು ಹೊಸದೇನಲ್ಲ. ನಿಜಾಮರ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿ ಆಡಳಿತವನ್ನು ಒಂದು ಹದಕ್ಕೆ ತಂದ ಮನುಷ್ಯ. ನಮ್ಮ ಕಲ್ಯಾಣ ಕರ್ನಾಟಕದ ಕಂದಾಯ ಕಟ್ಟಿದವರ ದುಡ್ಡು ತಿಳಿದೋ ತಿಳಿಯದೆಯೋ ಇಂಗ್ಲೆಂಡಿನ ಈ ಮನೆಗೂ ಒಂದಿಷ್ಟು ಸೇರಿರಬಹುದು ಅಂತ ನಾನು ಅಲ್ಲಿ ನಿಂತು ಸುಮ್ನೆ ಲೆಕ್ಕ ಹಾಕುತ್ತಿದ್ದೆ.

ಮಸೀದಿ ನಿಜಕ್ಕೂ ಚಿಕ್ಕದು. ಫೋಟೋ ನೋಡಿ ಹೋದವರಿಗೆ ಒಂದು ಕ್ಷಣ 'ಇಷ್ಟೇನಾ' ಅನಿಸುತ್ತದೆ. ಪೈನ್ ಮರಗಳ ನಡುವೆ ಬೆಳ್ಳಗಿನ ಗೋಡೆ, ಹಸಿರು ಈರುಳ್ಳಿ ಗುಮ್ಮಟ, ಮುಂಭಾಗದ ಮೇಲೆ ಆಟಿಕೆಯಷ್ಟು ಪುಟ್ಟ ಮಿನಾರುಗಳು. ಒಳಗಿನ ನಮಾಜಿನ ಕೋಣೆ ಹದಿನಾರು ಅಡಿ ಉದ್ದ, ಹದಿನಾರು ಅಡಿ ಅಗಲ. ನಮ್ಮ ಕಡೆ ಸಾಧಾರಣ ಮನೆಯ ಹಾಲ್ ಇದಕ್ಕಿಂತ ದೊಡ್ಡದಿರುತ್ತದೆ. ಆದರೆ ಒಳಗೆ ಕಾಲಿಟ್ಟು ತಲೆ ಎತ್ತಿದರೆ ಗುಮ್ಮಟ ಮೇಲಕ್ಕೆ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ, ಆ ಚಿಕ್ಕ ಚೌಕದಲ್ಲಿ ಒಬ್ಬರು ಕೆಮ್ಮಿದರೂ ಎಲ್ಲರಿಗೂ ಕೇಳಿಸುತ್ತದೆ. ಕಟ್ಟಿದವರು ವಿಲಿಯಂ ಐಸಾಕ್ ಚೇಂಬರ್ಸ್ ಅನ್ನೋ ಇಂಗ್ಲಿಷ್ ವಾಸ್ತುಶಿಲ್ಪಿ. ಕಲ್ಲೆಲ್ಲ ಅಲ್ಲಿಯದೇ, ಬಾರ್ಗೇಟ್ ಕಲ್ಲು, ಬಾತ್ ಕಲ್ಲು. ವಿನ್ಯಾಸ ಮೊಗಲರದ್ದು, ಅದೂ ಪುಸ್ತಕ, ಚಿತ್ರ ನೋಡಿಕೊಂಡು ಮಾಡಿದ ಮೊಗಲರದ್ದು, ಹಾಗಾಗಿ ಅಲ್ಲಲ್ಲಿ ಒಂಚೂರು ನಾಟಕದ ಸೆಟ್ಟಿನ ಹಾಗೆ ಕಾಣುತ್ತದೆ ಅಂದರೆ ಬೇಜಾರು ಮಾಡ್ಕೋಬೇಡಿ. ಮೆಕ್ಕಾ ಯಾವ ದಿಕ್ಕಿಗೆ ಅಂತ ಗುರುತು ಹಾಕಲು ಹಡಗಿನ ಕ್ಯಾಪ್ಟನ್ ಒಬ್ಬರು ದಿಕ್ಸೂಚಿ ಹಿಡಿದು ಬಂದಿದ್ದರು ಅನ್ನೋ ಮಾತೂ ಇದೆ.

ಸರಿ, ಕಟ್ಟಿದ್ದಾಯಿತು. ನಮಾಜು ಮಾಡುವವರು ಯಾರು? ಇನ್ಸ್‌ಟಿಟ್ಯೂಟಿನ ಕೆಲವು ವಿದ್ಯಾರ್ಥಿಗಳು. ವಿಂಡ್ಸರ್‌ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯ ಸೇವೆಯಲ್ಲಿದ್ದ ಭಾರತದ ಮುಸ್ಲಿಂ ನೌಕರರು, ರಾಣಿಗೆ ಉರ್ದು ಕಲಿಸಿದ ಮುನ್ಷಿ ಅಬ್ದುಲ್ ಕರೀಂ ಸಹ ಆಗಾಗ ಬರುತ್ತಿದ್ದರಂತೆ. ಅಷ್ಟೇ. ಅಕ್ಕಪಕ್ಕದ ಮನೆಯವರು ಯಾರೂ ಅಲ್ಲ. 1899ರಲ್ಲಿ ಲೈಟ್ನರ್ ತೀರಿಕೊಂಡರು, ಇನ್ಸ್‌ಟಿಟ್ಯೂಟೂ ನಿಂತಿತು, ಮಸೀದಿಗೆ ಬೀಗ ಬಿತ್ತು. ಹನ್ನೆರಡು ಹದಿಮೂರು ವರ್ಷ ಹಾಗೇ ಇತ್ತು. ಜಾಗ ಲೈಟ್ನರ್ ಮಗನ ಕೈಯಲ್ಲಿ, ಮಾರುವ ಮಾತೂ ನಡೆಯಿತು. ಜಮಾತೇ ಇಲ್ಲದ ಮಸೀದಿಗೆ ಯಾರು ತಾನೇ ಬಂದು ನಿಂತು ವಾದ ಮಾಡುತ್ತಾರೆ ಹೇಳಿ.

ವಾದ ಮಾಡಲು ಒಬ್ಬ ವಕೀಲರೇ ಬಂದರು. ಲಾಹೋರಿನ ಖ್ವಾಜಾ ಕಮಾಲುದ್ದೀನ್, 1912ರಲ್ಲಿ ಇಂಗ್ಲೆಂಡಿಗೆ ಬಂದವರು. ಮಸೀದಿ ಅಂದಮೇಲೆ ಅದು ಖಾಸಗಿ ಆಸ್ತಿಯಲ್ಲ, ಹಾಗೆ ಮಾರಲು ಬರುವುದಿಲ್ಲ ಅನ್ನೋದು ಅವರ ಪಟ್ಟು. ನ್ಯಾಯಾಧೀಶರೂ ಬ್ರಿಟಿಷ್ ರಾಜರ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲಿನ ಸದಸ್ಯರೂ ಆಗಿದ್ದ ಸೈಯದ್ ಅಮೀರ್ ಅಲಿಯಂಥ ದೊಡ್ಡವರ ಬೆಂಬಲ ಸಿಕ್ಕಿತು, ಒಂದು ಟ್ರಸ್ಟ್ ಆಯಿತು, 1913ರಲ್ಲಿ ಬೀಗ ತೆಗೆಯಿತು. ಅದೇ ವರ್ಷ ಅವರು ಒಂದು ಇಂಗ್ಲಿಷ್ ಮಾಸಪತ್ರಿಕೆಯನ್ನೂ ಶುರು ಮಾಡಿದರು, ಇಸ್ಲಾಮಿಕ್ ರಿವ್ಯೂ ಅಂತ. ವೋಕಿಂಗ್ ಅನ್ನೋ ಹೆಸರು ಜಗತ್ತಿನ ಮುಸ್ಲಿಮರಿಗೆ ಗೊತ್ತಾಗಿದ್ದು ಮುಖ್ಯವಾಗಿ ಈ ಪತ್ರಿಕೆಯಿಂದ. ಇಂಗ್ಲೆಂಡಿನಲ್ಲಿ ಶಿಯಾ, ಸುನ್ನಿ ಅಂತ ಪಂಗಡ ಮಾಡುವುದಿಲ್ಲ ಅಂತ ಕಮಾಲುದ್ದೀನ್ ಮೊದಲೇ ಹೇಳಿಬಿಟ್ಟಿದ್ದರು. ಅವರು ಸ್ವತಃ ಅಹ್ಮದೀಯರು, ಅಂದರೆ ಹತ್ತೊಂಬತ್ತನೇ ಶತಮಾನದ ಕೊನೆಗೆ ಪಂಜಾಬಿನಲ್ಲಿ ಹುಟ್ಟಿದ, ಅನೇಕ ಮುಸ್ಲಿಮರು ಒಪ್ಪದ ಒಂದು ಪಂಥದವರು; ಅದರಲ್ಲೂ ಲಾಹೋರ್ ಬಣದವರು. ಮುಂದೆ ಐವತ್ತು ವರ್ಷ ಮಸೀದಿ ನಡೆದದ್ದು ಆ ಬಣದ ಕೈಯಲ್ಲೇ.

ಈ ಐವತ್ತು ವರ್ಷಗಳ ಬಗ್ಗೆ ಬರೆದವರೆಲ್ಲ ದೊಡ್ಡ ದೊಡ್ಡ ಹೆಸರುಗಳ ಹಿಂದೆ ಬೀಳುತ್ತಾರೆ. ಹೆಸರುಗಳೂ ಹಾಗೇ ಇವೆ ಬಿಡಿ. ಕಾಶ್ಮೀರದಲ್ಲಿ ರಸ್ತೆ ಮಾಡಿಸಿದ್ದ ಎಂಜಿನಿಯರ್, ಬಾಕ್ಸಿಂಗ್ ಗೊತ್ತಿದ್ದ ಲಾರ್ಡ್ ಹೆಡ್ಲಿ 1913ರಲ್ಲಿ ಇಸ್ಲಾಂಗೆ ಸೇರಿದಾಗ ಪತ್ರಿಕೆಗಳಲ್ಲಿ ಅದೇ ಸುದ್ದಿ. ಇಸ್ಲಾಂ ಸೇರಿದ ಇಂಗ್ಲಿಷ್ ಕಾದಂಬರಿಕಾರ ಮಾರ್ಮಡ್ಯೂಕ್ ಪಿಕ್ತಾಲ್ ಇಲ್ಲಿ ಖುತ್ಬಾ, ಅಂದರೆ ನಮಾಜಿನ ಹೊತ್ತಿನ ಪ್ರವಚನ, ಓದಿದವರು, ಆಮೇಲೆ ಹೈದರಾಬಾದಿಗೆ ಬಂದು ನಿಜಾಮರ ಸೇವೆಯಲ್ಲಿದ್ದುಕೊಂಡು ಕುರಾನನ್ನು ಇಂಗ್ಲಿಷಿಗೆ ತಂದರು. ಅದೇ ಕೆಲಸವನ್ನು ಬೇರೆಯಾಗಿ ಮಾಡಿದ ಐಸಿಎಸ್ ಅಧಿಕಾರಿ ಅಬ್ದುಲ್ಲಾ ಯೂಸುಫ್ ಅಲಿಗೂ ಈ ಮಸೀದಿಯ ನಂಟಿತ್ತು. ಇವರಿಬ್ಬರೂ ಈಗ ಮಲಗಿರುವುದು ಪಕ್ಕದ ಬ್ರೂಕ್‌ವುಡ್‌ನಲ್ಲೇ. ಈ ಪಟ್ಟಿ ಚೆನ್ನಾಗಿದೆ. ಆದರೆ ಮಸೀದಿಯನ್ನು ಮಸೀದಿಯಾಗಿ ಉಳಿಸಿದ್ದು ಪಟ್ಟಿಯಲ್ಲಿ ಇಲ್ಲದ ಎರಡು ಕೆಲಸಗಳು ಅಂತ ನನ್ನ ಲೆಕ್ಕ: ಸತ್ತವರಿಗೆ ಮಣ್ಣು ಕೊಡುವುದು ಮತ್ತು ಹಬ್ಬಕ್ಕೆ ಬಂದವರಿಗೆ ಊಟ ಹಾಕುವುದು.

ಮೊದಲನೆಯದು ಮೊದಲನೇ ಮಹಾಯುದ್ಧದ ಕಥೆ. ಫ್ರಾನ್ಸಿನ ಕಂದಕಗಳಲ್ಲಿ ಕಾದಾಡಿದ ಭಾರತದ ಸಿಪಾಯಿಗಳು ಒಂದು ಲಕ್ಷಕ್ಕೂ ಜಾಸ್ತಿ. ಗಾಯಗೊಂಡವರನ್ನು ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ತಂದರು. ಬ್ರೈಟನ್‌ನಲ್ಲಿದ್ದ ಹಳೇ ರಾಜರ ಅರಮನೆ, ರಾಯಲ್ ಪೆವಿಲಿಯನ್, ಆಸ್ಪತ್ರೆಯಾಯಿತು. ಅಲ್ಲಿ ಜಾತಿ, ಧರ್ಮ ನೋಡಿಕೊಂಡು ಒಂಬತ್ತು ಅಡುಗೆಮನೆ ಮಾಡಿದ್ದರು, ಹಿಂದೂ ಮುಸ್ಲಿಮರಿಗೆ ನಲ್ಲಿಯೂ ಬೇರೆ. ಸತ್ತ ಹಿಂದೂ, ಸಿಖ್ ಸಿಪಾಯಿಗಳಿಗೆ ಬ್ರೈಟನ್ ಪಕ್ಕದ ಗುಡ್ಡದ ಮೇಲೆ ಚಿತೆ. ಅಲ್ಲಿ ಆಮೇಲೆ ಛತ್ರಿ ಅನ್ನೋ ಸ್ಮಾರಕ ಕಟ್ಟಿದರು. ಮುಸ್ಲಿಂ ಸಿಪಾಯಿಗಳನ್ನು ಎಲ್ಲಿ ಮಣ್ಣು ಮಾಡುವುದು? ಇಡೀ ದೇಶದಲ್ಲಿ ನೋಡಿದರೆ ಹತ್ತಿರಕ್ಕೆ ಸಿಗುವ ಒಬ್ಬ ಇಮಾಮ್ ಅಂದರೆ ವೋಕಿಂಗ್‌ನವರು, ಆಗ ಮೌಲಾನಾ ಸದ್ರುದ್ದೀನ್. ಅದೇ ಹೊತ್ತಿಗೆ ಜರ್ಮನ್ನರು 'ಬ್ರಿಟಿಷರು ನಿಮ್ಮವರನ್ನು ಕ್ರಮವಾಗಿ ಮಣ್ಣೂ ಮಾಡುತ್ತಿಲ್ಲ' ಅಂತ ಪ್ರಚಾರ ಶುರು ಮಾಡಿದರು. ಇಮಾಮ್ ಸರ್ಕಾರದ ಬೆನ್ನು ಹತ್ತಿದರು. ಮಸೀದಿಯಿಂದ ಸ್ವಲ್ಪವೇ ದೂರದ ಹಾರ್ಸೆಲ್ ಕಾಮನ್ ಅನ್ನೋ ಕುರುಚಲು ಬಯಲಿನಲ್ಲಿ, ಪೈನ್ ಮರಗಳ ಮಧ್ಯೆ, ಇಟ್ಟಿಗೆ ಗೋಡೆ, ಕಮಾನಿನ ಬಾಗಿಲು, ಮೇಲೊಂದು ಗುಮ್ಮಟ ಇಟ್ಟು ಖಬರಸ್ತಾನ ಕಟ್ಟಿದರು. 1917ಕ್ಕೆ ಮುಗಿಯಿತು. ಸರ್ಕಾರ ಇದನ್ನು ಮಾಡಿದ್ದು ಪೂರ್ತಿ ಪ್ರೀತಿಯಿಂದೇನಲ್ಲ, ಸಿಪಾಯಿಗಳ ಊರುಗಳಲ್ಲಿ ಹೆಸರು ಕೆಡಬಾರದು ಅನ್ನೋ ಲೆಕ್ಕವೂ ಇತ್ತು. ಇಮಾಮರಿಗೆ ಅದೆಲ್ಲ ಬೇಕಿರಲಿಲ್ಲ. ಸತ್ತವರಿಗಾಗಿ ಮಾಡುವ ಜನಾಜಾ ನಮಾಜು ಆಗಬೇಕು, ಗೋರಿ ಕಿಬ್ಲಾದ, ಅಂದರೆ ಮೆಕ್ಕಾದ, ಕಡೆಗಿರಬೇಕು, ಅಷ್ಟೇ.

ಎರಡನೇ ಮಹಾಯುದ್ಧದವರನ್ನೂ ಸೇರಿಸಿ ಅಲ್ಲಿ ಒಟ್ಟು 27 ಮಂದಿ. ಮುಂದೆ ಅಲ್ಲಿ ಕಿಡಿಗೇಡಿಗಳ ಕಾಟ ಹೆಚ್ಚಾಗಿ, 1960ರ ದಶಕದ ಕೊನೆಗೆ ಎಲ್ಲರನ್ನೂ ಬ್ರೂಕ್‌ವುಡ್‌ನ ಸೇನಾ ಸ್ಮಶಾನಕ್ಕೆ ಸಾಗಿಸಿದರು. ಖಾಲಿ ಗೋಡೆ ಎಷ್ಟೋ ವರ್ಷ ಪಾಳು ಬಿದ್ದಿತ್ತು. 2015ರಲ್ಲಿ ಅದನ್ನು ಶಾಂತಿ ಉದ್ಯಾನ ಮಾಡಿ ತೆರೆದಿದ್ದಾರೆ. ಒಬ್ಬೊಬ್ಬ ಸಿಪಾಯಿಗೆ ಒಂದರಂತೆ 27 ಹಿಮಾಲಯದ ಭೂರ್ಜ ಮರ, ನಡುವೆ ನೀರಿನ ಕೊಳ, ಹೆಸರು ಕೆತ್ತಿದ ಕಲ್ಲು. ನಾಯಿ ಕರೆದುಕೊಂಡು ವಾಕಿಂಗ್ ಬರುವ ಸ್ಥಳೀಯರು ಕಮಾನಿನೊಳಗೆ ಇಣುಕಿ, ಹೆಸರುಗಳನ್ನು ಓದಿ ಮುಂದೆ ಹೋಗುತ್ತಾರೆ. ನಾನು ಹೋದ ದಿನ ಒಬ್ಬ ಅಜ್ಜಿ ಕಲ್ಲಿನ ಮೇಲೆ ಬಿದ್ದಿದ್ದ ಒದ್ದೆ ಎಲೆಗಳನ್ನು ಕೈಗವಸಿನಿಂದಲೇ ಒರೆಸುತ್ತಿದ್ದರು. ಮುಸ್ಲಿಮರಲ್ಲ, ಹತ್ತಿರದಲ್ಲೇ ಮನೆಯಂತೆ. 'ಯಾರಾದರೂ ಮಾಡಬೇಕಲ್ಲ' ಅಂದರು, ಅಷ್ಟೇ ಮಾತು.

ಎರಡನೇ ಕೆಲಸ, ಹಬ್ಬದ ಊಟ. 1920, 30ರ ದಶಕದಲ್ಲಿ ಈದ್ ಬಂತೆಂದರೆ ವಾಟರ್‌ಲೂನಿಂದ ರೈಲು ಹತ್ತಿ ಜನ ವೋಕಿಂಗ್‌ಗೆ ಬರುತ್ತಿದ್ದರು. ಹದಿನಾರು ಅಡಿ ಕೋಣೆಯಲ್ಲಿ ಅವರೆಲ್ಲ ಹಿಡಿಯುವುದುಂಟೇ? ಹುಲ್ಲಿನ ಮೇಲೆ ಜಮಖಾನ ಹಾಸಿ, ಶಾಮಿಯಾನ ಎತ್ತಿ ನಮಾಜು. ಭಾರತದಿಂದ ಓದಲು ಬಂದ ಹುಡುಗರು, ಹಡಗಿನ ಖಲಾಸಿಗಳು, ರಾಯಭಾರಿಗಳು, ಟರ್ಕಿ, ಈಜಿಪ್ಟಿನವರು, ಹೊಸದಾಗಿ ಮುಸ್ಲಿಮರಾದ ಇಂಗ್ಲಿಷ್ ಹೆಂಗಸರು, ಜೊತೆಗೆ ಸುಮ್ನೆ ನೋಡಲು ಬಂದ ಊರಿನವರು. ನಮಾಜು ಮುಗಿದಮೇಲೆ ಎಲ್ಲರಿಗೂ ಅನ್ನ, ಸಾರು. ಊರು ಬಿಟ್ಟು ಬಂದ ಹುಡುಗನಿಗೆ ಹಬ್ಬದ ದಿನ ತನ್ನ ಕಡೆಯ ಅಡುಗೆ ತಟ್ಟೆಗೆ ಬೀಳುವುದು ಏನು ಅಂತ ಬೆಂಗಳೂರಿನ ಪೀಜಿಯಲ್ಲಿ ಯುಗಾದಿ ಕಳೆದವರಿಗೂ ಗೊತ್ತು. ಇವರು ಯಾರೂ ವೋಕಿಂಗ್‌ನವರಲ್ಲ, ಸಂಜೆಯ ರೈಲಿಗೆ ವಾಪಸ್. ಹಾಗಾಗಿ ಆ ಕಾಲದ ವೋಕಿಂಗ್ ಮಸೀದಿ ಇಡೀ ದೇಶದ ಮಸೀದಿಯಾಗಿತ್ತು, ತನ್ನ ಬೀದಿಯ ಮಸೀದಿ ಆಗಿರಲಿಲ್ಲ. ಅದರ ಇಮಾಮ್ ಎಷ್ಟು ದೂರ ಹೋಗಬೇಕಾಗುತ್ತಿತ್ತು ಅಂದರೆ, ಬ್ರಿಟನ್ನಿನಲ್ಲಿ ಹುಟ್ಟಿ ಹಜ್ ಮಾಡಿದ ಮೊದಲ ಮಹಿಳೆ ಅನಿಸಿಕೊಂಡ ಲೇಡಿ ಎವೆಲಿನ್ ಕಾಬೋಲ್ಡ್ 1963ರ ಜನವರಿಯಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡಾಗ, ಹಿಮದಲ್ಲಿ ಅಷ್ಟು ದೂರ ಹೋಗಿ ಗುಡ್ಡದ ಮೇಲೆ ಜನಾಜಾ ನಡೆಸಿದ್ದು ವೋಕಿಂಗ್‌ನ ಇಮಾಮರೇ. ಆ ಕಡೆ ಬ್ಯಾಗ್‌ಪೈಪ್ ವಾದ್ಯ, ಈ ಕಡೆ ಅರಬ್ಬಿ ದುವಾ!

ಬೀದಿಯ ಮಸೀದಿ ಆಗಿದ್ದು ಅದಾದ ಮೇಲೆ. 1950, 60ರ ದಶಕಗಳಲ್ಲಿ ಪಾಕಿಸ್ತಾನದಿಂದ, ಅದರಲ್ಲೂ ಮೀರ್‌ಪುರದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು ವೋಕಿಂಗ್‌ನ ಮೇಬರಿ, ಶೀರ್‌ವಾಟರ್ ಬಡಾವಣೆಗಳಲ್ಲಿ ನೆಲೆ ನಿಂತರು. ಮಂಗ್ಲಾ ಅಣೆಕಟ್ಟಿನಲ್ಲಿ ಆ ಭಾಗದ ಒಂದು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಕಳೆದುಕೊಂಡಿದ್ದೂ ಇದಕ್ಕೆ ಒಂದು ಕಾರಣ. ಅಣೆಕಟ್ಟಿಗೆ ಊರು ಮುಳುಗಿದವರ ಪಾಡು ನಮಗೇನು ಹೊಸದಾ? ಮೊದಲು ಗಂಡಸರು ಒಬ್ಬೊಬ್ಬರೇ, ಒಂದು ಕೋಣೆಯಲ್ಲಿ ನಾಲ್ಕಾರು ಜನ, ಕಾರ್ಖಾನೆಯಲ್ಲಿ ಪಾಳಿ ಕೆಲಸ. ಆಮೇಲೆ ಹೆಂಡತಿ, ಮಕ್ಕಳು. ಮಕ್ಕಳು ಬಂದಮೇಲೆ ಮಸೀದಿಯ ಅರ್ಥವೇ ಬದಲಾಯಿತು. ಲಾರ್ಡುಗಳ ಭಾಷಣ ಯಾರಿಗೆ ಬೇಕು? ಶಾಲೆ ಬಿಟ್ಟಮೇಲೆ ಕುರಾನ್ ಕಲಿಸುವವರು ಬೇಕು, ನಿಕಾ ಮಾಡಿಸಲು, ಸತ್ತರೆ ಸ್ನಾನ ಮಾಡಿಸಿ ಕಫನ್ ಹೊದಿಸಲು ಜನ ಬೇಕು, ಇಂಗ್ಲಿಷಿನಲ್ಲಿ ಬಂದ ಸರ್ಕಾರಿ ಕಾಗದ ಓದಿ ಹೇಳುವವರು ಬೇಕು. ಹಾಗೆ ಬಂದವರು ಸುನ್ನಿಗಳು, ಮಸೀದಿ ಅಹ್ಮದೀಯರ ಕೈಯಲ್ಲಿ. ತಿಕ್ಕಾಟ ಆಗದೆ ಇರುತ್ತಾ? 1960ರ ದಶಕದ ನಡುವೆ ಆಡಳಿತ ಸುನ್ನಿಗಳ ಕೈಗೆ ಬಂತು. ಅರ್ಧ ಶತಮಾನ ಬೆವರು ಸುರಿಸಿ ಮಸೀದಿ ಉಳಿಸಿದವರು ಹೊರಗಾದರು. ಮಸೀದಿಯ ಚರಿತ್ರೆ ಹೇಳುವಾಗ ಈ ಭಾಗವನ್ನು ಅನೇಕರು ಮೆಲ್ಲಗೆ ಹಾರಿಸಿ ಮುಂದೆ ಹೋಗುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮನಸ್ತಾಪ ಇದ್ದರೆ ಇದೆ ಅಂತ ಹೇಳಿ, ಬೀಗ ತೆಗೆಸಿದವರ ಹೆಸರನ್ನೂ ಗೋಡೆಯ ಮೇಲೆ ಹಾಕಿ, ಏನು ಕಳೆದುಕೊಳ್ಳುತ್ತೀರಿ?

ಆದರೂ ನನ್ನನ್ನು ಕೇಳಿದರೆ ಈ ಮಸೀದಿಯ ಒಳ್ಳೆಯ ಕಾಲ ಶುರುವಾಗಿದ್ದು ಆ ಮೇಲೆಯೇ. ಪ್ರಸಿದ್ಧರು ಬಂದು ಫೋಟೋ ತೆಗೆಸಿಕೊಂಡ ಕಾಲಕ್ಕಿಂತ, ಮಕ್ಕಳ ಶೂ ಸಾಲಾಗಿ ಬಿದ್ದಿರುವ ಕಾಲ ಹೆಚ್ಚು. ಶುಕ್ರವಾರ ಜುಮ್ಮಾಕ್ಕೆ ಹಳೇ ಕೋಣೆಯಲ್ಲಿ ಎಲ್ಲಿ ಸಾಲುತ್ತದೆ? ಪಕ್ಕದ ಕಟ್ಟಡಗಳಲ್ಲೂ ನಮಾಜು. ರಂಜಾನ್ ತಿಂಗಳಲ್ಲಿ ಇಫ್ತಾರ್, ಊರಿನ ಶಾಲೆಗಳ ಮಕ್ಕಳಿಗೆ ಮಸೀದಿ ತೋರಿಸುವುದು, ವರ್ಷಕ್ಕೊಮ್ಮೆ ಯಾರು ಬೇಕಾದರೂ ಬಂದು ಚಹಾ ಕುಡಿದು ಪ್ರಶ್ನೆ ಕೇಳಬಹುದಾದ ದಿನ. ಲೈಟ್ನರ್ ಬಯಸಿದ್ದ ನಾಲ್ಕು ಧರ್ಮದ ಕಾಂಪೌಂಡ್ ಆಗಲಿಲ್ಲ. ಆದರೆ ಬೇರೆ ಧರ್ಮದವರು ಹೆದರದೆ ಒಳಗೆ ಬಂದು ಶೂ ಬಿಚ್ಚುವಷ್ಟು ಸಲಿಗೆ ಬೆಳೆದಿದೆ. ಅವರ ಹಳೇ ಇನ್ಸ್‌ಟಿಟ್ಯೂಟ್ ಏನಾಯಿತು ಅಂತೀರಾ? ಮೊದಲು ವಿಮಾನದ ಕಾರ್ಖಾನೆ, ಆಮೇಲೆ ಲಯನ್ ವರ್ಕ್ಸ್ ಅನ್ನೋ ಇನ್ನೊಂದು ಕಾರ್ಖಾನೆ, ಈಗ ಕಾರ್ ಪಾರ್ಕಿಂಗ್ ಸಮೇತ ಲಯನ್ ರಿಟೇಲ್ ಪಾರ್ಕ್. ಇನ್ಸ್‌ಟಿಟ್ಯೂಟಿನ ನೆನಪಿಗೆ ಉಳಿದಿರುವುದು ರಸ್ತೆಯ ಹೆಸರು ಮಾತ್ರ, ಓರಿಯೆಂಟಲ್ ರೋಡ್.

2018ರಲ್ಲಿ ಈ ಮಸೀದಿಗೆ ಗ್ರೇಡ್ ಒಂದರ ಪಾರಂಪರಿಕ ಕಟ್ಟಡದ ಸ್ಥಾನ ಸಿಕ್ಕಿತು. ಅಲ್ಲಿನ ವ್ಯವಸ್ಥೆಯಲ್ಲಿ ಅದಕ್ಕಿಂತ ಮೇಲಿನ ದರ್ಜೆ ಇಲ್ಲ, ಆ ದೇಶದಲ್ಲಿ ಆ ದರ್ಜೆ ಪಡೆದ ಮೊದಲ ಮಸೀದಿ ಇದು. ಒಳ್ಳೆಯದೇ. ಆದರೆ ಇದರ ಇನ್ನೊಂದು ಮುಖವೂ ಇದೆ: ಇಂಥ ಕಟ್ಟಡದಲ್ಲಿ ಒಂದು ಕಿಟಕಿ ಬದಲಿಸಬೇಕಾದರೂ ಅನುಮತಿ ಬೇಕು. ದಿನಕ್ಕೆ ಐದು ಹೊತ್ತು ಜನ ಬಳಸುವ ಕಟ್ಟಡವನ್ನು ಮ್ಯೂಸಿಯಂ ವಸ್ತುವಿನಂತೆಯೂ ಕಾಪಾಡುವುದು ಸುಲಭದ ಮಾತಲ್ಲ.

ಲಂಡನ್ನಿನಲ್ಲಿರುವ ಕನ್ನಡದವರು ಬಿಗ್ ಬೆನ್, ಟವರ್ ಬ್ರಿಡ್ಜ್ ಎಲ್ಲ ನೋಡಿ ಮುಗಿದಿದ್ದರೆ ಒಂದು ದಿನ ಇತ್ತ ಹೋಗಿ ಬನ್ನಿ. ವಾಟರ್‌ಲೂನಿಂದ ವೋಕಿಂಗ್‌ಗೆ ರೈಲು ಬೇಕಾದಷ್ಟಿದೆ, ನಿಲ್ದಾಣದಿಂದ ನಡೆದೇ ಹೋಗಬಹುದು. ಶುಕ್ರವಾರ ಮಧ್ಯಾಹ್ನ ಬೇಡ, ಆ ಹೊತ್ತಿಗೆ ಅಲ್ಲಿಯವರಿಗೇ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಒಳಗೆ ಹೋಗಬೇಕೆಂದರೆ ಮೊದಲೇ ಕೇಳಿಕೊಳ್ಳುವುದು ಮರ್ಯಾದೆ. ಅಲ್ಲಿಂದ ಹಾರ್ಸೆಲ್ ಕಾಮನ್‌ಗೆ ನಡೆಯಿರಿ, ಮಳೆ ಬಂದಿದ್ದರೆ ಒಳ್ಳೆ ಬೂಟು ಹಾಕಿಕೊಳ್ಳಿ. ಸಮಯ ಉಳಿದರೆ ಮುಂದಿನ ಸ್ಟೇಷನ್ನೇ ಬ್ರೂಕ್‌ವುಡ್. ಆದರೆ ಆ ಸ್ಮಶಾನ ಎಷ್ಟು ದೊಡ್ಡದೆಂದರೆ ನಕ್ಷೆ ಇಲ್ಲದೆ ಹೋದರೆ ಪಿಕ್ತಾಲ್ ಗೋರಿ ಸಿಗುವಷ್ಟರಲ್ಲಿ ವಾಪಸ್ ರೈಲು ಹೊರಟಿರುತ್ತದೆ.